ಫಿಟ್ಸ್ ಬಂದ ಮಗುವಿನ ಮನೆಯವರನ್ನು ಕರ್ಪೂರದ ಬಗ್ಗೆಯೂ ಕೇಳಿ: ಒಂದು ಬಹಿರಂಗ ಪತ್ರ

ಕರ್ನಾಟಕದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಆಯುಕ್ತರಿಗೆ, ಧಾರ್ಮಿಕ ದತ್ತಿ ಇಲಾಖೆಯ ಆಯುಕ್ತರಿಗೆ, ಮತ್ತು ಮನೆಯಲ್ಲಿ ಎಳೆಯ ಮಕ್ಕಳಿರುವ ಎಲ್ಲರಿಗೆ

ಮಾನ್ಯರೇ,

ಎರಡು ವರ್ಷದ ಮಗುವಿಗೆ ನೆಗಡಿ, ಮೈ ಬೆಚ್ಚಗೆ. ರಾತ್ರಿ ಇದ್ದಕ್ಕಿದ್ದಂತೆ ಕೈಕಾಲು ಸೆಳೆದು, ಕಣ್ಣು ಮೇಲೆ ಸಿಕ್ಕಿಸಿಕೊಂಡಿತು ಎಂದು ತಾಲ್ಲೂಕು ಆಸ್ಪತ್ರೆಗೆ ಹೊತ್ತು ತರುತ್ತಾರೆ. ಪಾಳಿಯಲ್ಲಿರುವ ವೈದ್ಯರು ಥರ್ಮಾಮೀಟರ್ ನೋಡುತ್ತಾರೆ, ವಯಸ್ಸು ನೋಡುತ್ತಾರೆ, ಕೇಸ್ ಶೀಟಿನಲ್ಲಿ ‘ಜ್ವರದ ಫಿಟ್ಸ್’ ಎಂದು ಬರೆಯುತ್ತಾರೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಅದೇ ಅತಿ ಸಾಮಾನ್ಯ ಕಾರಣ, ಹಾಗಾಗಿ ಆ ಊಹೆಯಲ್ಲಿ ತಪ್ಪಿಲ್ಲ. ಆದರೆ ನೆಗಡಿಯಾದ ಮಗುವಿಗೆ ನಮ್ಮ ಮನೆಗಳಲ್ಲಿ ಮೊದಲು ಮಾಡುವ ಕೆಲಸ ಯಾವುದು? ಕೊಬ್ಬರಿ ಎಣ್ಣೆ ಬಿಸಿ ಮಾಡಿ ಕರ್ಪೂರ ಕರಗಿಸಿ ಎದೆಗೆ ತಿಕ್ಕುವುದು, ನೀಲಗಿರಿ ಎಣ್ಣೆಯ ಹನಿಯನ್ನು ದಿಂಬಿಗೆ ಹಾಕುವುದು, ಬಾಮನ್ನು ಮೂಗಿನ ಹೊಳ್ಳೆಗೆ ಸವರುವುದು. ಜ್ವರವೂ ಕರ್ಪೂರವೂ ಒಂದೇ ದಿನ, ಒಂದೇ ಮಗುವಿನ ಮೇಲೆ ಬಂದಿರುತ್ತವೆ. ಫಿಟ್ಸ್ ತರುವ ಶಕ್ತಿ ಎರಡಕ್ಕೂ ಇದೆ. ನಾವು ಕೇಳುವುದು ಒಂದರ ಬಗ್ಗೆ ಮಾತ್ರ.

ಈ ಪತ್ರದ ಬೇಡಿಕೆ ಅಷ್ಟೇ: ಫಿಟ್ಸ್ ಬಂದ ಪ್ರತಿಯೊಬ್ಬ ರೋಗಿಯ ಕೇಸ್ ಶೀಟಿನಲ್ಲಿ ಕರ್ಪೂರ ಮತ್ತು ನೀಲಗಿರಿಯ ಬಗ್ಗೆ ಒಂದು ಕಡ್ಡಾಯ ಪ್ರಶ್ನೆ ಇರಲಿ. ಅದರ ಜೊತೆಗೆ ಕರ್ಪೂರದ ಪೊಟ್ಟಣದ ಮೇಲೆ ಏನಿರಬೇಕು, ದೇವಸ್ಥಾನದ ತೀರ್ಥ ಪ್ರಸಾದಗಳಲ್ಲಿ ಅಳತೆ ಹೇಗಿರಬೇಕು ಎಂಬುದನ್ನೂ ಕೆಳಗೆ ಬಿಡಿಸಿ ಹೇಳುತ್ತೇವೆ.

ಮೊದಲು ವಸ್ತುವನ್ನು ನೋಡೋಣ. ಕರ್ಪೂರ ಒಂದು ಟರ್ಪೀನ್ ಕೀಟೋನ್, ಅಂದರೆ ಗಿಡಗಳ ಪರಿಮಳದ ಎಣ್ಣೆಗಳಲ್ಲಿರುವ ಒಂದು ಬಗೆಯ ಅಣು, ಸೂತ್ರ ಸಿ10ಎಚ್16ಒ. ಕೋಣೆಯ ಬಿಸಿಗೇ ಘನದಿಂದ ನೇರ ಆವಿಯಾಗುತ್ತದೆ, ಆದ್ದರಿಂದಲೇ ಡಬ್ಬಿ ತೆರೆದಿಟ್ಟರೆ ಬಿಲ್ಲೆ ಸವೆಯುತ್ತದೆ. ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ: ಲೀಟರಿಗೆ ಸುಮಾರು 1.2 ಗ್ರಾಂ. ತುಪ್ಪ, ಎಣ್ಣೆ, ಸ್ಪಿರಿಟ್‌ಗಳಲ್ಲಿ ಚೆನ್ನಾಗಿ ಕರಗುತ್ತದೆ. ನಮ್ಮ ಮೈಯ ಜೀವಕೋಶಗಳ ಪೊರೆಯೂ ಕೊಬ್ಬಿನದೇ. ಹೊಟ್ಟೆ, ಶ್ವಾಸಕೋಶ, ಚರ್ಮ, ಯಾವ ದಾರಿಯಿಂದಲಾದರೂ ಕರ್ಪೂರ ಬೇಗ ಒಳಗೆ ಇಳಿದು ಮಿದುಳನ್ನು ಮುಟ್ಟುವುದಕ್ಕೆ ಇದೇ ಕಾರಣ. ಹೊರಹಾಕುವ ಕೆಲಸ ಯಕೃತ್ತಿನದು. ಅಲ್ಲಿ ಅದಕ್ಕೆ ಮೊದಲು ಒಂದು ಹೈಡ್ರಾಕ್ಸಿಲ್ ಗುಂಪು ಸೇರುತ್ತದೆ, ಆಮೇಲೆ ಗ್ಲುಕುರಾನಿಕ್ ಆಮ್ಲ ಜೋಡಿಯಾಗಿ ಮೂತ್ರದಲ್ಲಿ ಹೋಗುತ್ತದೆ. ಹಸುಗೂಸುಗಳಲ್ಲಿ ಈ ಎರಡನೆಯ ಹಂತ ಇನ್ನೂ ಬಲಿತಿರುವುದಿಲ್ಲ. ದೊಡ್ಡವರಿಗೆ ಏನೂ ಆಗದ ಪ್ರಮಾಣ ಕೂಸಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

‘ಅಸಲಿ ಮರದ ಕರ್ಪೂರವಾದರೆ ತೊಂದರೆಯಿಲ್ಲ, ಈಗಿನದೆಲ್ಲ ಕೆಮಿಕಲ್’ ಎನ್ನುವ ಮಾತು ಬಹಳ ಕೇಳಿಬರುತ್ತದೆ. ಕರ್ಪೂರದ ಮರದಿಂದ ಭಟ್ಟಿ ಇಳಿಸಿ ತೆಗೆದದ್ದಕ್ಕೂ, ಪೈನ್ ಮರದ ಟರ್ಪೆಂಟೈನಿನಲ್ಲಿರುವ ಆಲ್ಫಾ ಪೈನೀನನ್ನು ಕ್ಯಾಂಫೀನ್, ಐಸೋಬೋರ್ನಿಯಾಲ್ ಹಂತಗಳ ಮೂಲಕ ಕಾರ್ಖಾನೆಯಲ್ಲಿ ಪರಿವರ್ತಿಸಿದ್ದಕ್ಕೂ ಇರುವ ವ್ಯತ್ಯಾಸ ಅಣುವಿನ ಎಡ ಬಲ ರೂಪಗಳದು. ಮರದ್ದು ಬಹುತೇಕ ಬಲರೂಪ, ಕಾರ್ಖಾನೆಯದು ಎರಡೂ ಸಮಸಮ. ಧ್ರುವೀಕೃತ ಬೆಳಕನ್ನು ಹಾಯಿಸಿದರೆ ಮೊದಲನೆಯದು ತಿರುಗಿಸುತ್ತದೆ, ಎರಡನೆಯದು ತಿರುಗಿಸುವುದಿಲ್ಲ. ಮೂಲ ಪತ್ತೆಹಚ್ಚುವುದಕ್ಕೆ ಇದು ಬೇಕು. ಮಗುವಿನ ಸುರಕ್ಷತೆಗೆ ಇದರಿಂದ ಯಾವ ಭರವಸೆಯೂ ಸಿಗುವುದಿಲ್ಲ. ಕಾರ್ಖಾನೆಯ ಕರ್ಪೂರ ಹುಟ್ಟುವ ಮೊದಲೇ, ಮರದ ಕರ್ಪೂರವೊಂದೇ ಸಿಗುತ್ತಿದ್ದ ಕಾಲದಲ್ಲೇ ವೈದ್ಯರು ಕರ್ಪೂರದ ಫಿಟ್ಸನ್ನು ಕಂಡಿದ್ದರು.

ಕರ್ಪೂರ ಫಿಟ್ಸ್ ತರುತ್ತದೆ ಎನ್ನುವುದು ಹೊಸ ಅನುಮಾನವೂ ಅಲ್ಲ. 1934ರಲ್ಲಿ ಹಂಗೆರಿಯ ವೈದ್ಯ ಲಾಡಿಸ್ಲಾಸ್ ಮೆದುನಾ ಮನೋರೋಗಿಗಳಿಗೆ ಬೇಕೆಂದೇ ಫಿಟ್ಸ್ ಬರಿಸುವ ಚಿಕಿತ್ಸೆ ಆರಂಭಿಸಿದಾಗ ಆರಿಸಿಕೊಂಡದ್ದು ಎಣ್ಣೆಯಲ್ಲಿ ಕರಗಿಸಿದ ಕರ್ಪೂರದ ಇಂಜೆಕ್ಷನ್. ಅಮೆರಿಕದಲ್ಲಿ 20% ಕರ್ಪೂರವಿದ್ದ ಎಣ್ಣೆಯ ಬಾಟಲಿಯನ್ನು ಹರಳೆಣ್ಣೆ ಎಂದು ತಿಳಿದು ಮಕ್ಕಳಿಗೆ ಕುಡಿಸಿದ ಪ್ರಕರಣಗಳು ಸಾಲುಸಾಲಾಗಿ ಬಂದ ಮೇಲೆ, 1982ರಲ್ಲಿ ಆ ಎಣ್ಣೆಯನ್ನೇ ಮಾರುಕಟ್ಟೆಯಿಂದ ತೆಗೆದರು. ಉಳಿದ ಹಚ್ಚುವ ಔಷಧಗಳಲ್ಲಿ ಕರ್ಪೂರ 11% ಮೀರಬಾರದು ಎಂದು ಗೆರೆ ಎಳೆದರು. ಆ ಎಣ್ಣೆಯ ಒಂದು ಚಮಚದಲ್ಲಿದ್ದದ್ದು ಸುಮಾರು 1 ಗ್ರಾಂ ಕರ್ಪೂರ. ಎಳೆಯ ಮಗುವಿನ ಪ್ರಾಣ ತೆಗೆಯಲು ಅಷ್ಟು ಸಾಕಾದ ದಾಖಲೆಗಳಿವೆ.

ನಮ್ಮ ನೆಲದ ಮಾಹಿತಿಯೂ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞ ಡಾ. ಥಾಮಸ್ ಮ್ಯಾಥ್ಯೂ ಮತ್ತು ಸಂಗಡಿಗರು ದಕ್ಷಿಣ ಭಾರತದ ನಾಲ್ಕು ಆಸ್ಪತ್ರೆಗಳಲ್ಲಿ, ಫಿಟ್ಸ್ ಬಂದ 350 ವಯಸ್ಕರನ್ನು ಸುಗಂಧ ತೈಲಗಳ ಬಳಕೆಯ ಬಗ್ಗೆ ಬಿಡಿಸಿ ಕೇಳಿದರು. 55 ಮಂದಿಯಲ್ಲಿ ಫಿಟ್ಸಿಗೂ ತೈಲಕ್ಕೂ ನಂಟು ಕಂಡಿತು. ಅವರಲ್ಲಿ ಕೆಲವರಿಗೆ ಮೊದಲು ಎಂದೂ ಫಿಟ್ಸ್ ಬಂದಿರಲಿಲ್ಲ. ಉಳಿದವರು ಮೊದಲೇ ಅಪಸ್ಮಾರ ಇದ್ದವರು, ಹತೋಟಿಯಲ್ಲಿದ್ದದ್ದು ಕೆರಳಿತು. ಎಲ್ಲದರ ಹಿಂದೆ ಇದ್ದದ್ದು ನೀಲಗಿರಿ ಮತ್ತು ಕರ್ಪೂರದ ತಯಾರಿಕೆಗಳು. 2021ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಹೋಲಿಕೆಗೆ ಫಿಟ್ಸ್ ಇಲ್ಲದವರ ಗುಂಪು ಇರಲಿಲ್ಲ, ಹಾಗಾಗಿ ಒಂದೊಂದು ಪ್ರಕರಣದಲ್ಲೂ ತೈಲವೇ ಕಾರಣ ಎಂದು ಇದರಿಂದ ಸಾಧಿಸಲಾಗದು. ಆದರೆ ಕೇಳಿದರೆ ಉತ್ತರ ಸಿಗುತ್ತದೆ ಎಂಬುದನ್ನು ಅದು ಖಚಿತವಾಗಿ ತೋರಿಸಿತು. ಎಷ್ಟೋ ವರ್ಷಗಳಿಂದ ಬೆಳಗ್ಗೆ ಸಂಜೆ ಬಾಮ್ ಹಚ್ಚುವ ರೋಗಿಗೆ ಮಾತ್ರೆಯ ಮೇಲೆ ಮಾತ್ರೆ ಏರಿಸುವ ಮೊದಲು ಬಾಮ್ ಬಿಡಿಸಿ ನೋಡುವುದು ಖರ್ಚಿಲ್ಲದ ಕೆಲಸ.

ಈಗ ಅಳತೆ. ತೂಕಕ್ಕೆ ತಕ್ಕಂತೆ ಲೆಕ್ಕ ಹಾಕುವುದು ರೂಢಿ. ಕಿಲೋಗೆ 30 ಮಿಲಿಗ್ರಾಂ ಮೀರಿ ನುಂಗಿದ್ದರೆ, ಲಕ್ಷಣ ಇರಲಿ ಬಿಡಲಿ, ತುರ್ತು ಚಿಕಿತ್ಸೆಗೆ ಕಳಿಸಬೇಕು ಎನ್ನುವುದು ಅಮೆರಿಕದ ವಿಷ ಮಾಹಿತಿ ಕೇಂದ್ರಗಳ ನಿಯಮ. 10 ಕಿಲೋ ಮಗುವಿಗೆ ಅದು 300 ಮಿಲಿಗ್ರಾಂ. ಪೂಜೆಯ ಬಿಲ್ಲೆಗಳ ತೂಕ ಒಂದೊಂದು ಕಂಪನಿಗೆ ಒಂದೊಂದು ಥರ. ಅರ್ಧ ಗ್ರಾಂ ಬಿಲ್ಲೆಯಾದರೆ ಒಂದೇ ಬಿಲ್ಲೆಯಲ್ಲಿ 500 ಮಿಲಿಗ್ರಾಂ. ಅಂದರೆ ಒಂದು ಬಿಲ್ಲೆಯನ್ನು ಕಲ್ಲುಸಕ್ಕರೆ ಎಂದು ಬಾಯಿಗೆ ಹಾಕಿಕೊಂಡ ಮಗು ಅಪಾಯದ ಗೆರೆಯನ್ನು ದಾಟಿದಂತೆಯೇ. ಆರತಿ ತಟ್ಟೆಯಲ್ಲಿ ಎರಡನ್ನೂ ಒಟ್ಟೊಟ್ಟಿಗೆ ಇಡುತ್ತೇವೆ, ತಟ್ಟೆಯನ್ನು ಮಗುವಿನ ಕೈಗೆಟುಕುವ ಮಣೆಯ ಮೇಲೆ ಇಡುತ್ತೇವೆ. ಎದೆಗೆ ಹಚ್ಚುವ ವೇಪರ್ ರಬ್ಬುಗಳಲ್ಲಿ ಕರ್ಪೂರ ಸುಮಾರು 5%. ಬೆರಳಲ್ಲಿ ತೋಡಿ ತಿಂದ ಒಂದು ಚಮಚದಲ್ಲಿ 250 ಮಿಲಿಗ್ರಾಂ. ಮನೆಯಲ್ಲೇ ಕಾಯಿಸಿದ ಎಣ್ಣೆಗೆ ಈ ಲೆಕ್ಕವೂ ಇಲ್ಲ. 50 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ ಅರ್ಧ ಗ್ರಾಮಿನ ಹತ್ತು ಬಿಲ್ಲೆ ಹಾಕಿದರೆ ಅದು 10% ಆಯಿತು, ದೊಡ್ಡವರ ಮಂಡಿನೋವಿನ ಮುಲಾಮಿಗೆ ವಿಧಿಸಿದ ಗರಿಷ್ಠ ಮಿತಿಯ ಹತ್ತಿರ. ಅದನ್ನು ಮೂರು ತಿಂಗಳ ಕೂಸಿನ ಎದೆ, ಬೆನ್ನು, ನೆತ್ತಿಗೆ ತಿಕ್ಕಿ, ಮೇಲೆ ಬಟ್ಟೆ ಸುತ್ತಿ ಬೆಚ್ಚಗೆ ಮಲಗಿಸಿದರೆ ಚರ್ಮ ಹೀರಿಕೊಳ್ಳುವುದು ಇನ್ನೂ ಹೆಚ್ಚುತ್ತದೆ.

ಇಷ್ಟೆಲ್ಲ ಮಾಡುವುದು ಮೂಗು ಬಿಡಲಿ ಎಂದು ತಾನೇ? 1983ರಲ್ಲಿ ಕಾರ್ಡಿಫ್‌ನಲ್ಲಿ ರಾನ್ ಎಕಲ್ಸ್ ಮತ್ತು ಸಹೋದ್ಯೋಗಿಗಳು ಕರ್ಪೂರ, ನೀಲಗಿರಿ, ಮೆಂಥಾಲ್ ಆವಿಗಳನ್ನು ಮೂಸಿದವರ ಮೂಗಿನಲ್ಲಿ ಗಾಳಿಯ ಹರಿವನ್ನು ಅಳೆದರು. ಮೂಗು ತೆರೆಯಿತು ಎಂಬ ಅನುಭವ ಹೆಚ್ಚಿನವರಿಗೆ ಬಂತು. ಗಾಳಿಗಿರುವ ತಡೆ ಮಾತ್ರ ಬದಲಾಗಲಿಲ್ಲ. ತಂಪನ್ನು ಗ್ರಹಿಸುವ ನರತುದಿಗಳನ್ನು ಈ ಅಣುಗಳು ಚುಚ್ಚಿ ಎಬ್ಬಿಸುತ್ತವೆ, ಊದಿಕೊಂಡ ಒಳಪೊರೆ ಊದಿಕೊಂಡೇ ಇರುತ್ತದೆ. ದೊಡ್ಡವರಿಗೆ ಆ ಅನುಭವವೇ ಹಿತ, ಅದನ್ನು ಬೇಡ ಎನ್ನುವುದಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ಆ ಹಿತದಿಂದ ಲಾಭವಿಲ್ಲ. ಮೂಗಿನ ಹೊಳ್ಳೆಗೇ ಹಚ್ಚಿದರೆ ಗಂಟಲು ಬಿಗಿದು ಉಸಿರು ನಿಲ್ಲುವ ಅಪಾಯ ಬೇರೆ. ಕಟ್ಟಿದ ಪುಟ್ಟ ಮೂಗಿಗೆ ಬೇಕಾದದ್ದು ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ: ಹಾಲು ಕುಡಿಸುವ ಸ್ವಲ್ಪ ಮುಂಚೆ ಹೊಳ್ಳೆಗೆ ಒಂದೆರಡು ಹನಿ, ಒಂದು ನಿಮಿಷ ಬಿಟ್ಟು ಬಟ್ಟೆಯ ಬತ್ತಿಯಿಂದ ಒರೆಸುವುದು.

ನೀಲಗಿರಿ ಎಣ್ಣೆಯ ವಿಷಯಕ್ಕೆ ಬಂದರೆ, ‘ಅದರಲ್ಲಿರುವ ಸಿನಿಯೋಲ್ ಏಲಕ್ಕಿಯಲ್ಲೂ ಇದೆಯಲ್ಲ, ಪಾಯಸಕ್ಕೆ ಹಾಕುವುದಿಲ್ಲವೇ’ ಎಂದು ತಿಳಿದವರೇ ಕೇಳುತ್ತಾರೆ. ಹೌದು, ಅಣು ಅದೇ. ಪ್ರಮಾಣ ನೋಡಿ. ಒಂದು ಏಲಕ್ಕಿಯ ಕಾಳುಗಳ ತೂಕ ಸುಮಾರು 150 ಮಿಲಿಗ್ರಾಂ, ಅದರಲ್ಲಿ ಎಣ್ಣೆ ಸುಮಾರು 6%, ಎಣ್ಣೆಯಲ್ಲಿ ಮೂರರಲ್ಲೊಂದು ಪಾಲು ಸಿನಿಯೋಲ್. ಅಂದರೆ ಒಂದು ಏಲಕ್ಕಿಗೆ 3 ಮಿಲಿಗ್ರಾಂ. ಔಷಧಿ ದರ್ಜೆಯ ನೀಲಗಿರಿ ಎಣ್ಣೆಯಲ್ಲಿ ಸಿನಿಯೋಲ್ 70% ಮೇಲ್ಪಟ್ಟು. ಒಂದು ಚಮಚ, ಅಂದರೆ 5 ಮಿಲಿಲೀಟರ್ ಎಣ್ಣೆಯಲ್ಲಿ 3 ಗ್ರಾಮಿಗಿಂತ ಹೆಚ್ಚು. ಒಂದು ಚಮಚಕ್ಕೆ ಸಾವಿರ ಏಲಕ್ಕಿ. ಏಲಕ್ಕಿ ಸಿಪ್ಪೆ, ನಾರು, ಪಿಷ್ಟಗಳ ಜೊತೆ ನಿಧಾನವಾಗಿ ಬಿಟ್ಟುಕೊಡುವುದನ್ನು ಭಟ್ಟಿ ಇಳಿಸಿದ ಎಣ್ಣೆ ಒಂದೇ ಗುಟುಕಿನಲ್ಲಿ ಕೊಡುತ್ತದೆ. ಒಂದು ಚಮಚ ನೀಲಗಿರಿ ಎಣ್ಣೆ ಕುಡಿದ ಮಗು ಕೆಲವೇ ನಿಮಿಷಗಳಲ್ಲಿ ತೂಕಡಿಸಿ, ಪ್ರಜ್ಞೆ ತಪ್ಪಿ, ಉಸಿರು ಕುಂದಬಹುದು. ಆಹಾರದ ಪರಿಮಳವನ್ನು ಅಧ್ಯಯನ ಮಾಡುವವರಿಗೆ ಇದು ಮೊದಲ ಪಾಠ: ಮೂಗಿಗೆ ಸಾಕಾಗುವ ಪ್ರಮಾಣಕ್ಕೂ ಮೈಗೆ ಹೆಚ್ಚಾಗುವ ಪ್ರಮಾಣಕ್ಕೂ ನಡುವೆ ಬಹಳ ಅಂತರವಿದೆ, ಆ ಅಂತರವನ್ನು ಕಾಪಾಡಿಕೊಂಡರೆ ಪರಿಮಳ ನಿರಪಾಯ.

ಧಾರ್ಮಿಕ ದತ್ತಿ ಇಲಾಖೆಗೆ ಹೇಳಬೇಕಾದದ್ದು ಈ ಅಂತರದ ಬಗ್ಗೆಯೇ. ತೀರ್ಥದಲ್ಲಿ, ಸಕ್ಕರೆ ಪೊಂಗಲಿನಲ್ಲಿ, ಲಾಡಿನಲ್ಲಿ ಪಚ್ಚ ಕರ್ಪೂರ ಹಾಕುವುದನ್ನು ನಿಲ್ಲಿಸಿ ಎಂದು ನಾವು ಕೇಳುತ್ತಿಲ್ಲ. ಕೇಳುತ್ತಿರುವುದು ಅಳತೆಯನ್ನು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2008ರಲ್ಲಿ ಹೇಳಿದ ಮಿತಿ: ಆಹಾರದ ಮೂಲಕ ಒಂದು ದಿನಕ್ಕೆ ಕಿಲೋ ತೂಕಕ್ಕೆ 2 ಮಿಲಿಗ್ರಾಂ ಮೀರಬಾರದು, ಯಾವ ವಯಸ್ಸಿನವರಿಗೂ. 10 ಕಿಲೋ ಮಗುವಿಗೆ 20 ಮಿಲಿಗ್ರಾಂ, 5 ಕಿಲೋ ಕೂಸಿಗೆ 10. ಕರ್ಪೂರದಿಂದ ಪೂರ್ತಿ ತುಂಬಿದ ನೀರಿನಲ್ಲೂ ಒಂದು ಮಿಲಿಲೀಟರಿಗೆ ಇರುವುದು 1.2 ಮಿಲಿಗ್ರಾಂ ಮಾತ್ರ, ಚಮಚಕ್ಕೆ 6. ಹಾಗಾದರೆ ಕರಗಿದ ಕರ್ಪೂರ ಒಂದು ಉದ್ಧರಣೆ ತೀರ್ಥದಲ್ಲಿ ಮಿತಿಯೊಳಗೇ ಇರುತ್ತದೆ. ಅನಾಹುತ ಬರುವುದು ಕರಗದೆ ಉಳಿದ ಚೂರಿನಿಂದ. ಕರ್ಪೂರ ನೀರಿಗಿಂತ ಒಂದು ಕೂದಲೆಳೆ ಹಗುರ, ತೇಲುತ್ತದೆ. ಉದ್ಧರಣೆಯನ್ನು ಮೇಲಿನಿಂದ ಅದ್ದಿ ತೆಗೆದಾಗ ತೇಲುವ ಚೂರೇ ಮೊದಲು ಅದರೊಳಗೆ ಬರುತ್ತದೆ. ಬೇಳೆಕಾಳಿನ ಗಾತ್ರದ ಒಂದು ಚೂರು 50 ಮಿಲಿಗ್ರಾಂ ತೂಗಬಹುದು. ಅದು ಕೂಸಿನ ಐದು ದಿನದ ಮಿತಿ.

ಇದನ್ನು ತಪ್ಪಿಸಲು ತಕ್ಕಡಿಯೂ ಬೇಡ. ಗಾಜಿನ ಬಾಟಲಿಯಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸುಮಾರು 3 ಗ್ರಾಂ ತಿನ್ನಲು ಯೋಗ್ಯವಾದ ಪಚ್ಚ ಕರ್ಪೂರ ಹಾಕಿ, ಬಿಗಿಯಾಗಿ ಮುಚ್ಚಿ, ಆಗಾಗ ಅಲುಗಿಸುತ್ತ ಒಂದು ರಾತ್ರಿ ಇಡಿ. ನೀರು ತನಗೆ ಹಿಡಿಸುವಷ್ಟನ್ನೇ ಹಿಡಿದುಕೊಂಡು ಮಿಕ್ಕದ್ದನ್ನು ಮೇಲೆ ತೇಲಿಸುತ್ತದೆ. ಬೆಳಗ್ಗೆ ಎರಡು ಪದರ ಒತ್ತಾದ ಹತ್ತಿ ಬಟ್ಟೆಯಲ್ಲಿ ಸೋಸಿ. ಸೋಸಿದ 100 ಮಿಲಿಲೀಟರಿನಲ್ಲಿ ಸುಮಾರು 120 ಮಿಲಿಗ್ರಾಂ ಕರ್ಪೂರ ಇರುತ್ತದೆ. ಅದನ್ನು ಒಂದು ಲೀಟರ್ ತೀರ್ಥಕ್ಕೆ ಬೆರೆಸಿದರೆ ಚಮಚಕ್ಕೆ ಅರ್ಧ ಮಿಲಿಗ್ರಾಂ ಬರುತ್ತದೆ, ಪರಿಮಳ ತುಂಬಿರುತ್ತದೆ. ಬಟ್ಟೆಯಲ್ಲಿ ಉಳಿದ ಚೂರನ್ನು ಮಾರನೆಯ ಬಾಟಲಿಗೆ ಹಾಕಬಹುದು. ನೀರು ಬಿಸಿಯಿದ್ದಾಗ ಕರ್ಪೂರ ಹಾಕಿ ಮುಚ್ಚಳ ತೆರೆದಿಟ್ಟರೆ ಅರ್ಧ ಆವಿಯಾಗಿ ಹೋಗಿರುತ್ತದೆ, ಪರಿಮಳ ಸಾಲದು ಎಂದು ಮತ್ತೆ ಹಾಕುತ್ತಾರೆ. ತಪ್ಪು ಆಗುವುದು ಅಲ್ಲೇ. ಪ್ಲಾಸ್ಟಿಕ್ ಕ್ಯಾನೂ ಬೇಡ, ಅದು ಕರ್ಪೂರವನ್ನು ಹೀರಿಕೊಂಡು ಅಳತೆ ಕೆಡಿಸುತ್ತದೆ.

ಪ್ರಸಾದದ ಅಡುಗೆಗೆ ದಾರಿ ಬೇರೆ. ಕರ್ಪೂರವನ್ನು ಒಂದನ್ನೇ ಕುಟ್ಟಿದರೆ ಅಂಟಿಕೊಂಡು ಗಂಟಾಗುತ್ತದೆ. ಸಕ್ಕರೆಯ ಜೊತೆ ಅರೆಯಬೇಕು, ಅದೂ ಹಂತಹಂತವಾಗಿ: 1 ಗ್ರಾಂ ಕರ್ಪೂರಕ್ಕೆ ಮೊದಲು ಅಷ್ಟೇ ಸಕ್ಕರೆ, ಆಮೇಲೆ ಮಿಶ್ರಣದಷ್ಟೇ ಮತ್ತೆ ಸಕ್ಕರೆ, ಹೀಗೆ ಪ್ರತಿ ಸಲ ಇಮ್ಮಡಿಸುತ್ತ 99 ಗ್ರಾಂ ಸಕ್ಕರೆ ಮುಗಿಯುವವರೆಗೆ. ಒಮ್ಮೆಗೇ ಎಲ್ಲ ಸುರಿದು ಕೈಯಾಡಿಸಿದರೆ ಒಂದು ಲಾಡಿನಲ್ಲಿ ಏನೂ ಇರುವುದಿಲ್ಲ, ಇನ್ನೊಂದರಲ್ಲಿ ಹತ್ತು ಲಾಡಿನದ್ದು ಇರುತ್ತದೆ. ಈ ಸಕ್ಕರೆಪುಡಿಯ 20 ಗ್ರಾಮಿನಲ್ಲಿ 200 ಮಿಲಿಗ್ರಾಂ ಕರ್ಪೂರ. ನೂರು ಮಂದಿಯ ಪೊಂಗಲಿಗೆ ಅದು ಸಾಕು, ತಲೆಗೆ 2 ಮಿಲಿಗ್ರಾಂ. ಒಲೆಯಿಂದ ಇಳಿಸಿ, ಹಬೆ ಅಡಗಿದ ಮೇಲೆ, ಉಗುರುಬೆಚ್ಚಗಿನ ತುಪ್ಪದಲ್ಲಿ ಕಲಸಿ ಸುತ್ತಲೂ ಹರಡಿ ಸೇರಿಸಬೇಕು. ಪುಡಿಯನ್ನು ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿ ಸ್ವಲ್ಪಸ್ವಲ್ಪವೇ ಮಾಡಿಟ್ಟುಕೊಳ್ಳುವುದು ಲೇಸು. ಮುಖ್ಯವಾದದ್ದು: ಮಂಗಳಾರತಿಯ ಬಿಲ್ಲೆಯನ್ನು ಅಡುಗೆಗೆ ಎಂದೂ ಬಳಸಬಾರದು. ಉರಿಸಲು ಮಾಡಿದ ವಸ್ತುವಿನ ಶುದ್ಧತೆಗೆ ಆಹಾರದ ಮಾನದಂಡ ಇರುವುದಿಲ್ಲ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡದಂತೆ ಪಾಕಶಾಲೆಗಳಿಗೆ ಒಂದು ಸುತ್ತೋಲೆ ಕಳಿಸಿದರೂ ದೊಡ್ಡ ಉಪಕಾರ.

ಬಜೆಯ ಬಗ್ಗೆ ಎರಡು ಮಾತು. ಕೂಸಿನ ನಾಲಗೆಗೆ ಬಜೆ ತೇಯ್ದು ನೆಕ್ಕಿಸುವ ರೂಢಿ ಇನ್ನೂ ಇದೆ. ಅದರ ಪರಿಮಳದ ಮುಖ್ಯ ಅಣು ಬೀಟಾ ಅಸರೋನ್. ಇಲಿಗಳಲ್ಲಿ ಗೆಡ್ಡೆ ತಂದ ಕಾರಣಕ್ಕೆ ಅಮೆರಿಕ 1968ರಲ್ಲಿ ಬಜೆಯನ್ನು ಆಹಾರದಿಂದ ನಿಷೇಧಿಸಿತು. ಉತ್ತರ ಅಮೆರಿಕದ ಬಜೆಯಲ್ಲಿ ಈ ಅಣು ಇಲ್ಲ, ಯುರೋಪಿನದರಲ್ಲಿ ಕಡಿಮೆ, ನಮ್ಮ ನಾಡಿನ ತಳಿಯ ಎಣ್ಣೆಯಲ್ಲಿ ಅದೇ ಬಹುಪಾಲು. ಕೂಸಿಗೆ ಬಜೆ ಬೇಡ. ತಾಯಿ ಕಾರ್ಡ್ ಕೊಡುವಾಗಲೇ ಆಶಾ ಕಾರ್ಯಕರ್ತೆಯರು ಬಜೆ, ಕರ್ಪೂರ, ಬಾಮ್ ಮೂರನ್ನೂ ಸೇರಿಸಿ ಹೇಳಿದರೆ ಮಾತು ಮನೆಗೆ ಮುಟ್ಟುತ್ತದೆ. ಬಾಣಂತನ ಮಾಡುವ ಅಜ್ಜಿಯನ್ನೂ ಕೂರಿಸಿಕೊಂಡು ಹೇಳಬೇಕು, ಎಣ್ಣೆ ಕಾಯಿಸುವ ಕೈ ಅವರದು.

ಮಗು ಕರ್ಪೂರ ನುಂಗಿದೆ ಎಂದು ಗೊತ್ತಾದರೆ ಮನೆಯಲ್ಲಿ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ: ನುಂಗಿದ 5ರಿಂದ 90 ನಿಮಿಷದೊಳಗೆ ಯಾವ ಮುನ್ಸೂಚನೆಯೂ ಇಲ್ಲದೆ ಫಿಟ್ಸ್ ಬರಬಹುದು, ಬಾಯಲ್ಲಿರುವ ವಾಂತಿ ಆಗ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಲು, ತುಪ್ಪ, ಎಣ್ಣೆ ಕುಡಿಸಬೇಡಿ. ಕೊಬ್ಬಿನಲ್ಲಿ ಕರ್ಪೂರ ಕರಗಿ ಇನ್ನೂ ಬೇಗ ಹೀರಿಕೊಳ್ಳುತ್ತದೆ. ಬಾಯಲ್ಲಿ ಉಳಿದ ಚೂರನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮೈಗೆ ಹಚ್ಚಿದ್ದರೆ ಸೋಪಿನಿಂದ ತೊಳೆಯಿರಿ. 108ಕ್ಕೆ ಕರೆ ಮಾಡಿ, ಪೊಟ್ಟಣವನ್ನೂ ಉಳಿದ ಬಿಲ್ಲೆಗಳನ್ನೂ ಜೊತೆಗೆ ಒಯ್ಯಿರಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ಫಿಟ್ಸ್ ಶುರುವಾದರೆ ಎಡ ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿಕೊಳ್ಳಿ. ಬಾಯಿಗೆ ಚಮಚ, ಕೈಗೆ ಕಬ್ಬಿಣ ಯಾವುದೂ ಬೇಡ.

ತಿಂದದ್ದು ಕರ್ಪೂರವೋ ನುಸಿಗುಳಿಗೆಯೋ ಎಂಬ ಗೊಂದಲ ಆಸ್ಪತ್ರೆಯಲ್ಲಿ ಸಾಮಾನ್ಯ, ಎರಡೂ ಬಿಳಿ, ಎರಡಕ್ಕೂ ಘಾಟು. ಎರಡು ಲೋಟದಲ್ಲಿ ಇದನ್ನು ಬಿಡಿಸಬಹುದು. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ 100 ಮಿಲಿಲೀಟರ್ ಬೆಚ್ಚನೆ ನೀರಿಗೆ 40 ಗ್ರಾಂ ಉಪ್ಪು ಕಲಸಿ, ತಳದಲ್ಲಿ ಒಂದಿಷ್ಟು ಕರಗದೆ ನಿಲ್ಲುವಂತೆ ಮಾಡಿದ ಗಾಢ ಉಪ್ಪುನೀರು. ಉಳಿದ ಚೂರು ಬರೀ ನೀರಿನಲ್ಲೇ ತೇಲಿದರೆ ಕರ್ಪೂರ. ನೀರಿನಲ್ಲಿ ಮುಳುಗಿ ಉಪ್ಪುನೀರಿನಲ್ಲಿ ತೇಲಿದರೆ ನ್ಯಾಫ್ತಲೀನ್, ಅಂದರೆ ನುಸಿಗುಳಿಗೆ. ಎರಡರಲ್ಲೂ ಮುಳುಗಿದರೆ ಪ್ಯಾರಾಡೈಕ್ಲೋರೋಬೆಂಜೀನ್, ಶೌಚಾಲಯದ ಗುಳಿಗೆ. ಚೂರಿಗೆ ಅಂಟಿದ ಗಾಳಿಗುಳ್ಳೆ ದಾರಿ ತಪ್ಪಿಸುತ್ತದೆ, ಕಡ್ಡಿಯಿಂದ ಒಮ್ಮೆ ಅದುಮಿ ಬಿಡಬೇಕು. ವ್ಯತ್ಯಾಸ ಏಕೆ ಮುಖ್ಯ ಎಂದರೆ, ಕರ್ಪೂರದ ಅಪಾಯ ಮೊದಲ ಕೆಲವು ಗಂಟೆಗಳದು. ನ್ಯಾಫ್ತಲೀನ್ ಒಂದೆರಡು ದಿನ ಬಿಟ್ಟು ರಕ್ತಕಣಗಳನ್ನು ಒಡೆಯುತ್ತದೆ, ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಹುಟ್ಟಿನಿಂದಲೇ ಕೊರತೆ ಇರುವ ಮಕ್ಕಳಲ್ಲಿ ತೀವ್ರವಾಗಿ. ಅಂಥ ಮಗುವನ್ನು ಅದೇ ಸಂಜೆ ‘ಚೆನ್ನಾಗಿದೆ’ ಎಂದು ಕಳಿಸಿ ಸುಮ್ಮನಾಗುವಂತಿಲ್ಲ.

ಪಾಳಿಯ ವೈದ್ಯರಿಗೆ: ಬಾಯಿಯ ವಾಸನೆ ನೋಡಿ. ಉಸಿರಿನ ದಾರಿ, ಸಕ್ಕರೆ ಅಂಶ ಮೊದಲು. ಫಿಟ್ಸ್ ನಡೆಯುತ್ತಿದ್ದರೆ ಮೂಗಿಗೆ ಅಥವಾ ಸ್ನಾಯುವಿಗೆ ಮಿಡಾಜೋಲಾಮ್ ಕಿಲೋಗೆ 0.2 ಮಿಲಿಗ್ರಾಂ, ಇಲ್ಲವೇ ರಕ್ತನಾಳಕ್ಕೆ ಲೊರಾಜೆಪಾಮ್ ಕಿಲೋಗೆ 0.1. ಕರ್ಪೂರಕ್ಕೆ ಪ್ರತಿವಿಷ ಇಲ್ಲ. ಇದ್ದಿಲ ಪುಡಿಯಿಂದ ಹೆಚ್ಚಿನ ಲಾಭವಿಲ್ಲ, ಫಿಟ್ಸ್ ಮಧ್ಯೆ ಅದು ಶ್ವಾಸಕೋಶಕ್ಕೆ ಹೋಗುವ ಭಯವೇ ಹೆಚ್ಚು. ಲಕ್ಷಣವೇ ಇಲ್ಲದ ಮಗುವನ್ನು ನುಂಗಿದ ಹೊತ್ತಿನಿಂದ ಕನಿಷ್ಠ 4 ಗಂಟೆ ಕಣ್ಣೆದುರು ಇಟ್ಟುಕೊಳ್ಳಿ. ಫಿಟ್ಸ್ ಬಂದಿದ್ದರೆ ದಾಖಲು. ಕರ್ಪೂರ ಹಚ್ಚಿದ್ದರು ಎಂಬ ಉತ್ತರ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬಾರದು: ಮಗು ಎಚ್ಚರಗೊಳ್ಳದಿದ್ದರೆ, ಕುತ್ತಿಗೆ ಬಿಗಿದಿದ್ದರೆ, ನೆತ್ತಿ ಉಬ್ಬಿದ್ದರೆ ಮಿದುಳುಪೊರೆಯ ಸೋಂಕಿನ ಪರೀಕ್ಷೆ ಆಗಲೇಬೇಕು. ಅದೇ ರೀತಿ ಕರ್ಪೂರದಿಂದ ಒಮ್ಮೆ ಬಂದ ಫಿಟ್ಸಿಗೆ ವರ್ಷಗಟ್ಟಲೆ ಅಪಸ್ಮಾರದ ಮಾತ್ರೆ ಬರೆಯುವ ಅಗತ್ಯವಿಲ್ಲ. ಮದುವೆಯ ಮಾತಿನವರೆಗೂ ಬೆನ್ನು ಹತ್ತುವ ಒಂದು ಹಣೆಪಟ್ಟಿಯನ್ನು, ಒಂದು ಪ್ರಶ್ನೆ ಕೇಳದ ಕಾರಣಕ್ಕೆ ಮಗುವಿಗೆ ಅಂಟಿಸುವುದು ಅನ್ಯಾಯ.

ಆ ಪ್ರಶ್ನೆಯನ್ನು ಕೇಳುವ ರೀತಿಯಲ್ಲೇ ಎಲ್ಲ ಇದೆ. ‘ಏನಾದರೂ ಔಷಧಿ ಕೊಟ್ಟಿದ್ದೀರಾ?’ ಎಂದರೆ ತಾಯಿ ‘ಇಲ್ಲ’ ಎನ್ನುತ್ತಾಳೆ, ನಿಜವನ್ನೇ ಹೇಳುತ್ತಾಳೆ. ಕರ್ಪೂರ ಅವಳ ಲೆಕ್ಕದಲ್ಲಿ ಔಷಧಿ ಅಲ್ಲ. ಆದ್ದರಿಂದ ಹೆಸರು ಹಿಡಿದು ಕೇಳಬೇಕು. ಕೇಸ್ ಶೀಟಿಗೆ ನಾವು ಸೂಚಿಸುವ ಸಾಲು: ‘ಕಳೆದ 24 ಗಂಟೆಯಲ್ಲಿ ಕರ್ಪೂರ, ನೀಲಗಿರಿ ಎಣ್ಣೆ, ಬಾಮ್, ವೇಪರ್ ರಬ್, ಮೂಗಿಗೆ ಹಿಡಿಯುವ ಇನ್ಹೇಲರ್: ಹಚ್ಚಿದ್ದು, ಮೂಸಿದ್ದು, ತಿಂದದ್ದು ಇದೆಯೇ? ಎಷ್ಟು, ಎಷ್ಟು ಹೊತ್ತಿಗೆ?’ ಕೇಳುವಾಗ ಗದರುವ ದನಿ ಬೇಡ. ಗದರಿದರೆ ಅಜ್ಜಿ ಬಾಯಿ ಬಿಡುವುದಿಲ್ಲ, ಮುಂದಿನ ಮಗುವಿಗೂ ಅದೇ ಎಣ್ಣೆ ಕಾಯುತ್ತದೆ.

ಪೊಟ್ಟಣದ ಮೇಲೆ ಕನ್ನಡದಲ್ಲಿ, ಓದಲು ಬರುವ ಗಾತ್ರದ ಅಕ್ಷರದಲ್ಲಿ ಮೂರು ವಿಷಯ ಇರಲಿ: ಒಂದು ಬಿಲ್ಲೆಯ ತೂಕ; ‘ಉರಿಸಲು ಮಾತ್ರ, ತಿನ್ನಬಾರದು’; ‘ಎರಡು ವರ್ಷದೊಳಗಿನ ಮಕ್ಕಳ ಮೈಗೆ ಹಚ್ಚಬೇಡಿ’. ಗ್ರಂಧಿಗೆ ಅಂಗಡಿಯಲ್ಲಿ ಕಾಗದದ ಪೊಟ್ಟಣದಲ್ಲಿ ಬಿಡಿಯಾಗಿ ಮಾರುವುದು ನಿಂತು, ಮಗು ತೆರೆಯಲಾಗದ ಒತ್ತಿ ತಿರುಗಿಸುವ ಮುಚ್ಚಳದ ಡಬ್ಬಿ ಬರಲಿ. ಅಪಸ್ಮಾರ ಇರುವವರು ಇರುವ ಮನೆಗೆ ಒಂದು ಮಾತು ಹೆಚ್ಚು: ಹಬೆ ತೆಗೆದುಕೊಳ್ಳುವುದಾದರೆ ಬರೀ ನೀರಿನ ಹಬೆ, ನೀಲಗಿರಿ ಹನಿ ಬೇಡ.

ಸಂಶೋಧನೆಯ ಕೆಲಸವೂ ಬಾಕಿ ಇದೆ, ಅದಕ್ಕೆ ಬೇಕಾದ ಜನ ಮತ್ತು ಯಂತ್ರ ಎರಡೂ ರಾಜ್ಯದಲ್ಲೇ ಇವೆ. ಮೈಸೂರಿನ ಸಿಎಫ್‌ಟಿಆರ್‌ಐಯಂಥ ಆಹಾರ ಸಂಶೋಧನಾ ಸಂಸ್ಥೆಯೂ ವೈದ್ಯಕೀಯ ಕಾಲೇಜುಗಳೂ ಕೂಡಿ ತೀರ್ಥ, ಪ್ರಸಾದ, ಮನೆಯಲ್ಲಿ ಕಾಯಿಸಿದ ಎಣ್ಣೆಗಳಲ್ಲಿ ಕರ್ಪೂರ ಎಷ್ಟಿದೆ ಎಂದು ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ (ಆವಿಯಾಗುವ ಅಣುಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಅಳೆಯಬೇಕು. ಕೆಲಸ ಕೆಡುವುದು ಯಂತ್ರದ ಹತ್ತಿರ ಅಲ್ಲ, ಮಾದರಿ ಹಿಡಿಯುವ ಜಾಗದಲ್ಲಿ: ಬಾಟಲಿಯನ್ನು ಗಾಳಿ ಉಳಿಯದಂತೆ ಕಂಠದವರೆಗೆ ತುಂಬಬೇಕು, ರಬ್ಬರ್ ಬಿರಡೆ ಬಳಸಬಾರದು, ಮಂಜುಗಡ್ಡೆಯಲ್ಲಿ ಸಾಗಿಸಬೇಕು, ದ್ರಾವಕದಲ್ಲಿ ಹಿಂಡಿದ ಮೇಲೆ ಅದನ್ನು ಕಾಯಿಸಿ ಇಂಗಿಸಬಾರದು, ಏಕೆಂದರೆ ದ್ರಾವಕದ ಜೊತೆ ಕರ್ಪೂರವೂ ಹಾರಿಹೋಗುತ್ತದೆ. ತಾಲ್ಲೂಕು ಆಸ್ಪತ್ರೆಗಳಿಂದ ಬೇಕಾದದ್ದು ಇಷ್ಟೇ: ಮೇಲಿನ ಪ್ರಶ್ನೆಗೆ ‘ಹೌದು’ ಎಂದ ಪ್ರತಿ ಮಗುವಿನ ಮನೆಯವರ ಒಪ್ಪಿಗೆ ಪಡೆದು, ಮೊದಲ ಮೂತ್ರದ 10 ಮಿಲಿಲೀಟರನ್ನು ಗಾಜಿನ ಸೀಸೆಯಲ್ಲಿ ಮುಚ್ಚಿ, ಹೆಸರಿನ ಬದಲು ಸಂಖ್ಯೆ ಬರೆದು, ಫ್ರೀಜರಿನಲ್ಲಿ ಇಡುವುದು. ಜೊತೆಗೆ ಮನೆಯ ಆ ಎಣ್ಣೆಯ ಒಂದು ಚಮಚ, ಅಥವಾ ಆ ಬಿಲ್ಲೆಯ ಒಂದು ಚೂರು.

ಆರೋಗ್ಯ ಇಲಾಖೆ ಮೊದಲ ಹೆಜ್ಜೆಯಾಗಿ ಕೇಸ್ ಶೀಟಿನ ಆ ಒಂದು ಸಾಲನ್ನು ಮಳೆಗಾಲದ ಶೀತ ಜ್ವರ ಶುರುವಾಗುವ ಮುನ್ನ ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳಿಸಬೇಕೆಂದು ಕೋರುತ್ತೇವೆ. ಸಾಲಿನ ಮಾತುಗಳನ್ನು ಆಯಾ ಜಿಲ್ಲೆಯ ಆಡುಮಾತಿಗೆ ಹೊಂದಿಸಿಕೊಳ್ಳಲು ಅವಕಾಶವಿರಲಿ.

ಇಂತಿ,
ಸಸ್ಯ ರಸಾಯನ, ಆಹಾರ ಪರಿಮಳ ಮತ್ತು ಮಕ್ಕಳ ಚಿಕಿತ್ಸೆಯ ಕ್ಷೇತ್ರಗಳಲ್ಲಿ ಕೆಲಸ ಮಾಡುತ್ತಿರುವವರು